ತರಬೇತಿ ಮೆಟ್ಟಿಲ ಮೇಲೆ ನಡೆಯಲಿ

ಬೆಂಗಳೂರಿನ ಕಚೇರಿಗಳಲ್ಲಿ ಸುರಕ್ಷತಾ ತರಬೇತಿ ಎಂದರೆ ಬಹುತೇಕ ಒಂದೇ ಅಚ್ಚು. ಸಭಾಕೊಠಡಿಯಲ್ಲಿ ಒಂದು ಗಂಟೆ ಸ್ಲೈಡ್‌ಗಳು ಓಡುತ್ತವೆ. ಆಮೇಲೆ ಎಲ್ಲರೂ ಪಾರ್ಕಿಂಗ್ ಜಾಗಕ್ಕೆ ಇಳಿಯುತ್ತಾರೆ. ತಗಡಿನ ತಟ್ಟೆಯಲ್ಲಿ ಹೊತ್ತಿಸಿದ ಬೆಂಕಿಯನ್ನು ಇಬ್ಬರೋ ಮೂವರೋ ಸಿಲಿಂಡರ್ ಹಿಡಿದು ನಂದಿಸುತ್ತಾರೆ, ಉಳಿದವರು ಫೋಟೊ ತೆಗೆಯುತ್ತಾರೆ. ಹಾಜರಿ ಪಟ್ಟಿಗೆ ಸಹಿ ಬಿದ್ದರೆ ಆ ವರ್ಷದ ಕಡತ ಮುಚ್ಚಿತು. ಕಚೇರಿಗಳಲ್ಲಿ ಅಗ್ನಿ ಸುರಕ್ಷತೆ ಕಲಿಸುವುದೇ ನನ್ನ ವೃತ್ತಿ. ಈ ಕ್ರಮ ಸಾಲದು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಐದನೆಯ ಮಹಡಿಯಲ್ಲಿ ಕುಳಿತು ಕೆಲಸ ಮಾಡುವವರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಹೊಗೆ ತುಂಬುವ ಮುನ್ನ ಕೆಳಗಿಳಿಯುವುದನ್ನು.

2010ರ ಫೆಬ್ರುವರಿ 23ರ ಮಧ್ಯಾಹ್ನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ಒಂಬತ್ತು ಜನರು ಸತ್ತರು. ವಿದ್ಯುತ್ ಕೇಬಲ್‌ಗಳು ಮಹಡಿಯಿಂದ ಮಹಡಿಗೆ ಹಾಯುವ ಡಕ್ಟ್‌ನಲ್ಲಿ ಹತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿತ್ತು. ಕೆಲವರು ಉಸಿರುಗಟ್ಟಿ ಸತ್ತರು. ಕೆಲವರು ಕಿಟಕಿಯ ಗಾಜು ಒಡೆದು, ಉಸಿರಿಗಾಗಿ ಹೊರಬಾಗಿ, ಕೊನೆಗೆ ಧುಮುಕಿದರು. ಹೊರಹೋಗುವ ದಾರಿಗಳು ಬಂದ್ ಆಗಿದ್ದವು ಎಂದು ಆಗಲೇ ವರದಿಯಾಯಿತು. ಅಲ್ಲಿ ಮನೆಯವರನ್ನು ಕಳೆದುಕೊಂಡವರು ಮುಂದೆ ಕೈಜೋಡಿಸಿ ‘ಬಿಯಾಂಡ್ ಕಾರ್ಲ್ಟನ್’ ಎಂಬ ಸಂಸ್ಥೆ ಕಟ್ಟಿ ಅಗ್ನಿ ಸುರಕ್ಷತೆಗಾಗಿ ದುಡಿಯುತ್ತಿದ್ದಾರೆ. ಅದೇ ನಗರದ ಕಚೇರಿಗಳಲ್ಲಿ ಇಂದಿಗೂ ಹೊಗೆಯ ಬಗ್ಗೆ ಒಂದು ಸ್ಲೈಡ್, ಸಿಲಿಂಡರ್ ಬಗ್ಗೆ ಹತ್ತು ಸ್ಲೈಡ್ ಇರುವುದು ನನಗೆ ಸಹಿಸಲಾಗದ ಸಂಗತಿ.

ಹೊಗೆಯ ಕೆಲಸ ಹೇಗೆ ಎಂಬುದನ್ನು ಬಿಡಿಸಿ ಹೇಳಬೇಕು. ಕಚೇರಿಯಲ್ಲಿ ಉರಿಯುವುದು ಕಟ್ಟಿಗೆಯಲ್ಲ; ಕುರ್ಚಿಯ ಫೋಮ್, ನೆಲಹಾಸು, ಕೇಬಲ್‌ಗಳ ಪಿವಿಸಿ ಹೊದಿಕೆ. ಪಿವಿಸಿ ಉರಿದಾಗ ಕಣ್ಣು, ಗಂಟಲನ್ನು ಸುಡುವ ಹೈಡ್ರೋಜನ್ ಕ್ಲೋರೈಡ್ ಹೊರಡುತ್ತದೆ. ಕಣ್ಣು ತೆರೆಯಲಾಗದೆ ಮನುಷ್ಯ ದಾರಿ ತಪ್ಪುತ್ತಾನೆ. ಜೊತೆಯಲ್ಲೇ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕುಸಿದು ಬೀಳುವುದಕ್ಕೆ ಮುಂಚೆಯೇ ವಿವೇಚನೆ ಮಂಕಾಗುತ್ತದೆ. ಆದ್ದರಿಂದ ‘ಹೊಗೆ ಜಾಸ್ತಿಯಾದರೆ ಆಗ ಹೊರಡೋಣ’ ಎಂಬ ಲೆಕ್ಕಾಚಾರವೇ ಅಪಾಯಕಾರಿ. ಬಿಸಿ ಹೊಗೆ ಮೇಲಕ್ಕೇರುತ್ತದೆ. ಕೇಬಲ್ ಡಕ್ಟ್ ಪ್ರತಿ ಮಹಡಿಯಲ್ಲೂ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಿರದಿದ್ದರೆ ಅದು ಹಳೆಯ ಅಡುಗೆಮನೆಯ ಹೊಗೆಗೂಡಿನಂತೆ ಎಲ್ಲವನ್ನೂ ಮೇಲಕ್ಕೆ ಎಳೆಯುತ್ತದೆ. ಎರಡನೆಯ ಮಹಡಿಯ ಬೆಂಕಿಯನ್ನು ಏಳನೆಯ ಮಹಡಿಯವರು ಕಾಣುವುದೇ ಇಲ್ಲ, ಅದರ ಹೊಗೆ ಮಾತ್ರ ಅವರನ್ನು ಹುಡುಕಿಕೊಂಡು ಬರುತ್ತದೆ.

ಹೀಗಾಗಿ ನನ್ನ ತರಬೇತಿಯ ಮೊದಲ ಪಾಠಕ್ಕೆ ಸಭಾಕೊಠಡಿ ಬೇಕಾಗಿಲ್ಲ. ಪ್ರತಿಯೊಬ್ಬರೂ ತಮ್ಮ ಮೇಜಿನಿಂದ ಎದ್ದು, ಹತ್ತಿರದ ಮೆಟ್ಟಿಲ ಬಾಗಿಲಿನವರೆಗೆ ನಡೆದು, ನೆಲಮಹಡಿಯವರೆಗೆ ಇಳಿದು, ಕಟ್ಟಡದ ಹೊರಗೆ ನಿಲ್ಲಬೇಕು. ಇನ್ನೊಂದು ದಿನ ಇನ್ನೊಂದು ಮೆಟ್ಟಿಲು. ಇಷ್ಟು ಸರಳವಾದ ಸಂಗತಿ ಎಷ್ಟನ್ನು ಬಯಲಿಗೆಳೆಯುತ್ತದೆ ಎಂದರೆ, ಅದೇ ಕಟ್ಟಡದಲ್ಲಿ ವರ್ಷಗಟ್ಟಲೆ ದುಡಿದವರು ಕೂಡ ಎರಡನೆಯ ಮೆಟ್ಟಿಲು ಎಲ್ಲಿದೆ ಎಂದು ಕೇಳುತ್ತಾರೆ. ಇಳಿಯುವಾಗ ಹಳೆಯ ಕುರ್ಚಿಗಳು, ನೀರಿನ ಕ್ಯಾನ್‌ಗಳು, ರಟ್ಟಿನ ಪೆಟ್ಟಿಗೆಗಳು ಸಿಗುತ್ತವೆ. ತಾನಾಗಿ ಮುಚ್ಚಿಕೊಳ್ಳಬೇಕಾದ ಅಗ್ನಿನಿರೋಧಕ ಬಾಗಿಲಿಗೆ ಯಾರೋ ಕಸದ ಬುಟ್ಟಿ ಅಡ್ಡ ಇಟ್ಟಿರುತ್ತಾರೆ. ಓಡಾಟಕ್ಕೆ ಅನುಕೂಲ ಎಂದು ಇಟ್ಟದ್ದು, ನಿಜ. ಆದರೆ ಆ ಬಾಗಿಲು ತೆರೆದಿದ್ದರೆ ಒಂದು ಮಹಡಿಯ ಹೊಗೆ ಇಡೀ ಮೆಟ್ಟಿಲ ದಾರಿಯನ್ನು ತುಂಬುತ್ತದೆ. ಮೇಲಿನವರೆಲ್ಲರ ದಾರಿ ಒಮ್ಮೆಗೇ ಮುಚ್ಚಿಹೋಗುತ್ತದೆ. ಬುಟ್ಟಿಯನ್ನು ತಾವೇ ಕೈಯಾರೆ ಸರಿಸಿದ ನೌಕರರು ಆಮೇಲೆ ಅಲ್ಲಿ ಇನ್ನೊಂದು ಬುಟ್ಟಿ ಕಂಡರೆ ಸುಮ್ಮನೆ ದಾಟಿ ಹೋಗುವುದಿಲ್ಲ.

ನಡೆದೇ ಕಲಿಯಬೇಕು ಎಂದು ಹಟ ಹಿಡಿಯಲು ಇನ್ನೊಂದು ಕಾರಣವಿದೆ. ಗಾಬರಿಯಲ್ಲಿ ಮನುಷ್ಯ ತಾನು ಒಳಬಂದ ದಾರಿಯಿಂದಲೇ ಹೊರಹೋಗಲು ನೋಡುತ್ತಾನೆ. ಕಚೇರಿಯಲ್ಲಿ ಆ ದಾರಿ ಲಿಫ್ಟ್. ಹಸಿರು ಫಲಕ ಕಣ್ಣೆದುರೇ ಇದ್ದರೂ, ಕಾಲು ಒಮ್ಮೆಯೂ ತುಳಿಯದ ದಾರಿಯನ್ನು ಅದು ಆರಿಸುವುದಿಲ್ಲ. ಅಷ್ಟೇ ಅಲ್ಲ, ಎಚ್ಚರಿಕೆಯ ಗಂಟೆ ಬಾರಿಸಿದ ಕೂಡಲೇ ಯಾರೂ ಏಳುವುದಿಲ್ಲ. ಪಕ್ಕದವರ ಮುಖ ನೋಡುತ್ತಾರೆ, ಅವರು ಕೂತಿದ್ದರೆ ತಾವೂ ಕೂರುತ್ತಾರೆ. ಇಮೇಲ್ ಮುಗಿಸುತ್ತಾರೆ, ಲ್ಯಾಪ್‌ಟಾಪ್ ಚೀಲಕ್ಕೆ ತುಂಬುತ್ತಾರೆ. ಈ ಕಟ್ಟನ್ನು ಮುರಿಯಲು ಪ್ರತಿ ಮಹಡಿಯಲ್ಲೂ ‘ಎಲ್ಲರೂ ಏಳಿ, ಈಗಲೇ ಹೊರಡಿ’ ಎಂದು ಗಟ್ಟಿದನಿಯಲ್ಲಿ ಹೇಳಬಲ್ಲ ಒಬ್ಬರು ಬೇಕು. ಆ ಹೊಣೆಗೆ ಹುದ್ದೆಯಲ್ಲಿ ದೊಡ್ಡವರನ್ನು ಹೆಸರಿಸುವ ರೂಢಿಯಿದೆ. ನಾನು ಕೇಳುವುದು ದಿನವೂ ಕಚೇರಿಯಲ್ಲೇ ಇರುವವರನ್ನು, ಮೇಲಧಿಕಾರಿಯನ್ನೂ ಕುರ್ಚಿಯಿಂದ ಎಬ್ಬಿಸಲು ಹಿಂಜರಿಯದವರನ್ನು.

ಇಂಥ ಒಬ್ಬ ವ್ಯಕ್ತಿಯಿಂದ ಏನಾಗಬಹುದು ಎಂಬುದಕ್ಕೆ ನ್ಯೂಯಾರ್ಕಿನ ರಿಕ್ ರೆಸ್ಕೋರ್ಲಾ ಸಾಕ್ಷಿ. ವಿಶ್ವ ವ್ಯಾಪಾರ ಕೇಂದ್ರದ ದಕ್ಷಿಣ ಗೋಪುರದಲ್ಲಿದ್ದ ಮಾರ್ಗನ್ ಸ್ಟಾನ್ಲಿ ಕಂಪನಿಯ ಭದ್ರತಾ ಮುಖ್ಯಸ್ಥ ಆತ. 1993ರ ಫೆಬ್ರುವರಿಯಲ್ಲಿ ಆ ಕೇಂದ್ರದ ನೆಲಮಾಳಿಗೆಯಲ್ಲಿ ಬಾಂಬ್ ಸಿಡಿದ ಮೇಲೆ ನೌಕರರನ್ನು ಮತ್ತೆ ಮತ್ತೆ ಮೆಟ್ಟಿಲಿಳಿಸಿ ಅಭ್ಯಾಸ ಮಾಡಿಸಿದ. ಕೆಲಸ ಕೆಡುತ್ತದೆ ಎಂದು ಗೊಣಗಿದವರಿದ್ದರು, ಅವನು ಬಿಡಲಿಲ್ಲ. 2001ರ ಸೆಪ್ಟೆಂಬರ್ 11ರಂದು ಪಕ್ಕದ ಗೋಪುರಕ್ಕೆ ವಿಮಾನ ಬಡಿದಾಗ ದಕ್ಷಿಣ ಗೋಪುರದವರಿಗೆ ಇದ್ದಲ್ಲೇ ಇರಿ ಎಂಬ ಘೋಷಣೆ ಬಂತು. ಆತ ಅದಕ್ಕೆ ಕಿವಿಗೊಡದೆ ತನ್ನವರನ್ನು ಇಳಿಸಲು ಶುರುಮಾಡಿದ. ಸುಮಾರು 2,700 ನೌಕರರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬದುಕಿದರು. ಉಳಿದವರನ್ನು ಹುಡುಕಲು ಮತ್ತೆ ಮೇಲಕ್ಕೆ ಹೋದ ಆತ ಹಿಂದಿರುಗಲಿಲ್ಲ.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಎತ್ತರದ ಕಟ್ಟಡಗಳಲ್ಲಿ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆನಂತರ ಆರು ತಿಂಗಳಿಗೊಮ್ಮೆಯಾದರೂ ತೆರವಿನ ಅಭ್ಯಾಸ ನಡೆಯಬೇಕು ಎನ್ನುತ್ತದೆ. ನಡೆಯುವುದು ಹೇಗೆ? ಹಿಂದಿನ ದಿನವೇ ಎಲ್ಲರಿಗೂ ಸಂದೇಶ ಹೋಗಿರುತ್ತದೆ. ಅರ್ಧದಷ್ಟು ಜನ ಅದಕ್ಕೂ ಮೊದಲೇ ಕಾಫಿಗೆ ಇಳಿದಿರುತ್ತಾರೆ. ಮುನ್ಸೂಚನೆಯಿಲ್ಲದ ಅಭ್ಯಾಸ ವರ್ಷಕ್ಕೆ ಒಂದಾದರೂ ಬೇಕು. ಇನ್ನೊಂದರಲ್ಲಿ ಒಂದು ಮೆಟ್ಟಿಲ ಬಾಗಿಲ ಮುಂದೆ ‘ಇಲ್ಲಿ ಹೊಗೆ’ ಎಂಬ ಫಲಕ ಹಿಡಿದ ಒಬ್ಬರನ್ನು ನಿಲ್ಲಿಸಿ. ಆಗ ಹಿಂತಿರುಗಿ ಎರಡನೆಯ ದಾರಿ ಹಿಡಿಯುವವರು ಎಷ್ಟು ಮಂದಿ ಎಂದು ನೋಡಿದರೆ ನಿಮ್ಮ ಕಚೇರಿಯ ನಿಜಸ್ಥಿತಿ ತಿಳಿಯುತ್ತದೆ.

ಸಿಲಿಂಡರ್ ಬಳಕೆಯನ್ನೂ ಕಲಿಸುತ್ತೇನೆ, ಆದರೆ ಚಿಕ್ಕದಾಗಿ. ಅದು ಖಾಲಿಯಾಗಲು ನಿಮಿಷವೂ ಬೇಡ. ಬೆಂಕಿ ಕಸದ ಬುಟ್ಟಿಯಷ್ಟು ಗಾತ್ರದಲ್ಲಿರುವಾಗ, ಹೊರಹೋಗುವ ದಾರಿ ಬೆನ್ನ ಹಿಂದಿರುವಾಗ ಮಾತ್ರ ಮುಂದಾಗಬೇಕು. ಒಂದು ಸಿಲಿಂಡರ್ ಮುಗಿದರೂ ಆರದಿದ್ದರೆ ಬಿಟ್ಟು ಹೊರಡಬೇಕು. ವಿದ್ಯುತ್ ಉಪಕರಣಗಳಿಗೆ ಇಂಗಾಲದ ಡೈಆಕ್ಸೈಡ್ ಸಿಲಿಂಡರ್. ಅದರ ಕಹಳೆಯಂಥ ಮೂತಿಯನ್ನು ಬರಿಗೈಯಲ್ಲಿ ಹಿಡಿದರೆ ಚರ್ಮ ಹೆಪ್ಪುಗಟ್ಟುವಷ್ಟು ತಣ್ಣಗಾಗುತ್ತದೆ. ಕುರ್ಚಿಯ ಎತ್ತರ, ಪರದೆಯ ದೂರ, ಕಣ್ಣಿನ ವಿಶ್ರಾಂತಿ ಇವೂ ಮುಖ್ಯವೇ, ಆದರೆ ಅವುಗಳನ್ನು ಕಂಪ್ಯೂಟರ್ ಮುಂದೆ ಕುಳಿತೇ ಕಲಿಯಬಹುದು.

ಹಾಗೆ ಕುಳಿತು ಕಲಿಯಲಾಗದ ಇನ್ನೊಂದು ವಿದ್ಯೆ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವುದು. ಹೃದಯ ಸ್ತಬ್ಧವಾದವರಿಗೆ ನೆರವು ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಬೆಂಗಳೂರಿನ ಸಂಜೆಯ ಸಂಚಾರದಲ್ಲಿ 108ರ ಆಂಬುಲೆನ್ಸ್ ಬರುವವರೆಗೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಐದು ಸೆಂಟಿಮೀಟರಿಗೆ ಕಡಿಮೆಯಾಗದಂತೆ ಒತ್ತುತ್ತಿರಬೇಕು. ಎರಡು ನಿಮಿಷಕ್ಕೇ ತೋಳು ಸೋಲುತ್ತದೆ, ಆದ್ದರಿಂದ ಒಬ್ಬರಿಗೆ ಬಂದರೆ ಸಾಲದು. ಪ್ರತಿಯೊಬ್ಬರೂ ಗೊಂಬೆಯ ಮೇಲೆ ಬೆವರುವವರೆಗೆ ಒತ್ತಿ ನೋಡಲೇಬೇಕು.

ನನ್ನನ್ನು ಹೆಚ್ಚು ಕಾಡುವುದು ತರಬೇತಿಗೆ ಕರೆಯದವರ ಪಟ್ಟಿ. ಕಂಪನಿಯ ನೌಕರರಿಗೆ ಇಂಗ್ಲಿಷಿನಲ್ಲಿ ಪಾಠವಾಗುತ್ತದೆ. ಸ್ವಚ್ಛತಾ ಸಿಬ್ಬಂದಿ, ಕ್ಯಾಂಟೀನಿನವರು, ಕಾವಲುಗಾರರು ಗುತ್ತಿಗೆಯವರು ಎಂಬ ಕಾರಣಕ್ಕೆ ಹೊರಗುಳಿಯುತ್ತಾರೆ. ಹೊರಗೆ ಸೇರುವ ಜಾಗದಲ್ಲಿ ತಲೆ ಎಣಿಸುವಾಗಲೂ ಅವರ ಹೆಸರು ಪಟ್ಟಿಯಲ್ಲಿಲ್ಲ. ಒಳಗೆ ಉಳಿದರೆ ಯಾರೂ ಹುಡುಕುವುದಿಲ್ಲ. ಅವರಿಗೆ ಕನ್ನಡದಲ್ಲಿ, ಬೇಕಾದರೆ ಹಿಂದಿಯಲ್ಲಿ, ಅವರ ಪಾಳಿಯ ಹೊತ್ತಿನಲ್ಲೇ ಕಲಿಸಬೇಕು. ಗಾಲಿಕುರ್ಚಿ ಬಳಸುವವರು, ಗರ್ಭಿಣಿಯರು, ಮಂಡಿನೋವಿನವರು ಅಭ್ಯಾಸದ ದಿನ ‘ನೀವು ಕೂತಿರಿ’ ಎಂಬ ಮಾತು ಕೇಳುತ್ತಾರೆ. ಯಾರ ಇಳಿಕೆ ಎಲ್ಲಕ್ಕಿಂತ ಕಷ್ಟವೋ ಅವರದ್ದೇ ಅಭ್ಯಾಸವಾಗದಿದ್ದರೆ ಆ ದಿನ ಇಷ್ಟು ನಿಮಿಷದಲ್ಲಿ ಇಳಿದೆವು ಎಂಬ ಲೆಕ್ಕಕ್ಕೆ ಬೆಲೆಯಿಲ್ಲ. ಅವರ ಜೊತೆ ಇಳಿಯುವ ಇಬ್ಬರು ಯಾರು, ಇಳಿಸುವ ಕುರ್ಚಿ ಎಲ್ಲಿದೆ ಎಂಬುದನ್ನು ಅವರನ್ನೇ ಕೇಳಿ ಗೊತ್ತುಮಾಡಬೇಕು.

ರಾತ್ರಿ ಪಾಳಿಯ ಕಾವಲುಗಾರನೊಂದಿಗೆ ಕಟ್ಟಡ ಸುತ್ತುವುದು ನನ್ನ ಪಾಠದ ಕೊನೆಯ ಭಾಗ. ತಾರಸಿಯ ಬೀಗದ ಕೀಲಿ ಯಾರ ಬಳಿ ಇದೆ, ಗಂಟೆ ಬಾರಿಸಿದಾಗ ಕಾರ್ಡ್ ತೋರಿಸಿ ತೆರೆಯುವ ಬಾಗಿಲುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆಯೇ, ವಿದ್ಯುತ್ ಹೋದರೂ ಬಿಚ್ಚಿಕೊಳ್ಳುತ್ತವೆಯೇ ಎಂದು ಒಂದೊಂದನ್ನೂ ತಳ್ಳಿ ನೋಡುತ್ತೇವೆ. ಯಾರನ್ನೂ ಕೇಳದೆ 112ಕ್ಕೆ ಕರೆ ಮಾಡುವ ಅಧಿಕಾರ ಅವನಿಗಿದೆ ಎಂದು ಬರಹದಲ್ಲಿ ಕೊಡಿ ಎಂದು ಆಡಳಿತದವರನ್ನು ಒತ್ತಾಯಿಸುತ್ತೇನೆ. ಆ ಪತ್ರ ಅವನ ಮೇಜಿನ ಗಾಜಿನಡಿ ಸೇರುವವರೆಗೆ ನನ್ನ ಕಡೆಯ ಪ್ರಮಾಣಪತ್ರಕ್ಕೆ ಸಹಿ ಬೀಳುವುದಿಲ್ಲ.