ಮೂಳೆಗೆ ಕಣಿ ಕೇಳಿದ ಅರಸರು

ಚೀನಾದ ಹೆನಾನ್ ಪ್ರಾಂತದ ಆನ್ಯಾಂಗ್ ನಗರದ ಅಂಚಿನಲ್ಲಿ ಶಿಯಾವ್‌ಟುನ್ ಎಂಬ ಹಳ್ಳಿಯಿದೆ. ಅಲ್ಲಿನ ರೈತರು ಹೊಲದಲ್ಲಿ ಸಿಗುತ್ತಿದ್ದ ಹಳೆಯ ಮೂಳೆಗಳನ್ನು ‘ಡ್ರ್ಯಾಗನ್ ಮೂಳೆ’ ಎಂದು ಔಷಧದ ಅಂಗಡಿಗಳಿಗೆ ಮಾರುತ್ತಿದ್ದರು. 1899ರಲ್ಲಿ ಬೀಜಿಂಗ್‌ನ ವಿದ್ವಾಂಸ ವಾಂಗ್ ಯಿರೊಂಗ್ ಅವುಗಳ ಮೇಲಿನ ಗೀರುಗಳು ಪ್ರಾಚೀನ ಲಿಪಿಯೆಂದು ಗುರುತಿಸಿದರು. ಅಷ್ಟರೊಳಗೆ ಎಷ್ಟು ಬರಹಗಳು ಕಷಾಯವಾಗಿ ಜನರ ಹೊಟ್ಟೆ ಸೇರಿದ್ದವೋ!

ಅವು ಸುಮಾರು ಕ್ರಿ.ಪೂ. 1250ರಿಂದ 1046ರವರೆಗೆ ಆನ್ಯಾಂಗ್‌ನಿಂದ ಆಳಿದ ಶಾಂಗ್ ಅರಸರು ಕಣಿ ಕೇಳಿದ ಮೂಳೆಗಳು. ದನದ ಹೆಗಲ ಮೂಳೆಯನ್ನೋ ಆಮೆಯ ಹೊಟ್ಟೆಯ ಚಿಪ್ಪನ್ನೋ ನಯಗೊಳಿಸಿ, ಹಿಂಬದಿಯಲ್ಲಿ ಸಾಲುಸಾಲಾಗಿ ಕುಳಿ ತೋಡಿ, ಆ ಕುಳಿಗೆ ಕೆಂಡದಂಥ ಕಾವು ಮುಟ್ಟಿಸಿದರೆ ಮುಂಬದಿಯಲ್ಲಿ ಚಟ್ಟೆಂದು ಬಿರುಕು ಮೂಡುತ್ತಿತ್ತು: ಒಂದು ನೆಟ್ಟನೆಯ ಗೆರೆ, ಅದರ ಪಕ್ಕಕ್ಕೊಂದು ಕವಲು. ಕಣಿ ಕೇಳುವುದಕ್ಕೆ ಚೀನೀ ಲಿಪಿಯಲ್ಲಿರುವ ‘ಬು’ ಎಂಬ ಅಕ್ಷರ ಇಂದಿಗೂ ಆ ಬಿರುಕಿನ ಆಕಾರದಲ್ಲೇ ಇದೆ.

ಮಳೆ, ಬೆಳೆ, ಬೇಟೆ, ಯುದ್ಧ, ಕೊನೆಗೆ ಅರಸನ ಹಲ್ಲುನೋವಿಗೆ ಯಾವ ಪೂರ್ವಜನ ಮುನಿಸು ಕಾರಣವೆಂಬುದನ್ನೂ ಮೂಳೆಗೇ ಕೇಳುತ್ತಿದ್ದರು. ಮಳೆಗಾಳಿಗಳ ಒಡೆಯನಾಗಿ ‘ದಿ’ ಎಂಬ ಮಹಾದೈವವಿದ್ದರೂ ಬಲಿಯ ಲೆಕ್ಕದಲ್ಲಿ ಬಹುಪಾಲು ಕಾಣುವವರು ಸತ್ತ ಹಿರಿಯರೇ. ಇಂಥವರಿಗೆ ಇಷ್ಟು ದನ, ಇಷ್ಟು ಕುರಿ, ಕೆಲವೊಮ್ಮೆ ಇಷ್ಟು ಯುದ್ಧಕೈದಿಗಳು ಎಂದು ಲೆಕ್ಕ ಬರೆದಿಡುವ ಈ ಧರ್ಮ ನನಗೆ ಭಕ್ತಿಗಿಂತ ಹೆಚ್ಚಾಗಿ ಕಚೇರಿಯ ದಫ್ತರನ್ನು ನೆನಪಿಸುತ್ತದೆ.

ಒಂದು ಚಿಪ್ಪನ್ನು ಹತ್ತಿರದಿಂದ ನೋಡೋಣ. ಅರಸ ವೂ ಡಿಂಗ್‌ನ ರಾಣಿ ಫೂ ಹಾವ್ ಗರ್ಭಿಣಿ. ಹೆರಿಗೆ ಶುಭವಾದೀತೇ ಎಂಬುದು ಪ್ರಶ್ನೆ. ಅರಸ ಬಿರುಕು ನೋಡಿ, ಶಾಂಗ್ ಪಂಚಾಂಗದ ‘ಡಿಂಗ್’ ದಿನ ಹೆತ್ತರೆ ಒಳ್ಳೆಯದು, ‘ಗೆಂಗ್’ ದಿನವಾದರೆ ಮಹಾಶುಭ ಎನ್ನುತ್ತಾನೆ. 31 ದಿನಗಳ ನಂತರ ‘ಜಿಯಾಯಿನ್’ ದಿನ ಹೆರಿಗೆಯಾಯಿತು, ಶುಭವಾಗಲಿಲ್ಲ, ಹೆಣ್ಣು ಎಂದು ಅದೇ ಚಿಪ್ಪಿನ ಮೇಲೆ ಕೆತ್ತಲಾಗಿದೆ. ಅರಸ ಹೇಳಿದ ಎರಡೂ ದಿನ ತಪ್ಪಿಹೋದದ್ದರಿಂದ ಅವನ ಮಾತು ಸುಳ್ಳಾಗಲಿಲ್ಲ ಎಂಬುದನ್ನೂ ಗಮನಿಸಬೇಕು. ಕಣಿ ಹೇಳುವವರ ಜಾಣ್ಮೆ ಬಹಳ ಹಳೆಯದು.

ಹೆಣ್ಣು ಹುಟ್ಟಿದ್ದನ್ನು ಅಶುಭವೆಂದು ಬರೆದ ಅದೇ ಆಸ್ಥಾನ ಆ ಕೂಸಿನ ತಾಯಿಯನ್ನು ದಂಡನಾಯಕಿಯಾಗಿ ಯುದ್ಧಕ್ಕೆ ಕಳುಹಿಸುತ್ತಿತ್ತು. 13,000 ಜನರ ಪಡೆಯೊಂದಿಗೆ ಅವಳ ಹೆಸರು ಒಂದು ಮೂಳೆಯ ಮೇಲಿದೆ. 1976ರಲ್ಲಿ ಪುರಾತತ್ತ್ವಜ್ಞೆ ಝೆಂಗ್ ಝೆನ್‌ಶಿಯಾಂಗ್ ಅವರ ತಂಡ ಅಗೆದು ತೆಗೆದ ಫೂ ಹಾವ್‌ಳ ಸಮಾಧಿಗೆ ಕಳ್ಳರ ಕೈ ತಾಗಿರಲಿಲ್ಲ. ಅದರಲ್ಲಿ 400ಕ್ಕೂ ಹೆಚ್ಚು ಕಂಚಿನ ವಸ್ತುಗಳು, 700ಕ್ಕೂ ಹೆಚ್ಚು ಜೇಡ್ ಶಿಲೆಯ ಕೆತ್ತನೆಗಳು, ಸಾವಿರಾರು ಕವಡೆಗಳು ಮತ್ತು ಯುದ್ಧದ ಕೊಡಲಿಗಳಿದ್ದವು. ಅವಳ ಜೊತೆಗೆ ಕೊಂದು ಹೂಳಿದ 16 ಮಂದಿಯ ಅಸ್ಥಿಗಳೂ ಅಲ್ಲಿದ್ದವು.

ಆ ಸಮಾಧಿಯ ಎರಡು ದೊಡ್ಡ ಚೌಕಾಕಾರದ ಕಂಚಿನ ಪಾತ್ರೆಗಳ ಮೇಲೆ ಅವಳಿಗೆ ಬೇರೆ ಹೆಸರಿದೆ: ತಾಯಿ ಶಿನ್. ಶಾಂಗ್ ಜನರ ಹತ್ತು ದಿನಗಳ ವಾರದಲ್ಲಿ ಎಂಟನೆಯ ದಿನ ಶಿನ್. ಸತ್ತ ಮೇಲೆ ಅವಳಿಗೆ ಬಂದ ಹೆಸರೂ ಅದೇ, ಅವಳ ಪಾಲಿನ ಬಲಿ ಸಲ್ಲುತ್ತಿದ್ದ ದಿನವೂ ಅದೇ.