ಅಂಗಡಿ ತೆಗೆದ ಕೂಡಲೇ ಕಂಪ್ಯೂಟರ್ ಯಾಕೆ ಒದ್ದಾಡುತ್ತದೆ?

ಗದಗಿನ ಓದುಗರೊಬ್ಬರ ಪ್ರಶ್ನೆ: "ಬೆಟಗೇರಿಯಲ್ಲಿ ನಮ್ಮದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಮುಂಜಾನೆ ಕಂಪ್ಯೂಟರ್ ಚಾಲೂ ಮಾಡಿದರೆ ಒಂದು ತಾಸು ಏನೂ ಮಾಡಲು ಆಗುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ 'ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್' ಅನ್ನುವುದು ಎಲ್ಲಕ್ಕಿಂತ ಮೇಲೆ ಇರುತ್ತದೆ, ಡಿಸ್ಕ್ 100% ತೋರಿಸುತ್ತದೆ. ಎಂಡ್ ಟಾಸ್ಕ್ ಕೊಟ್ಟರೂ ಮತ್ತೆ ಬರುತ್ತದೆ. ಇದನ್ನು ಖಾಯಂ ಬಂದ್ ಮಾಡುವುದು ಹೇಗೆ?"

ಬಂದ್ ಮಾಡಬೇಡಿ. ಒಮ್ಮೆ ಅದಕ್ಕೆ ಪೂರ್ತಿ ಕೆಲಸ ಮುಗಿಸಲು ಬಿಡಿ. ಅದು ದಿನಾ ಮತ್ತೆ ಬರುತ್ತಿದೆ ಅಂದರೆ ಅದರ ಕೆಲಸ ಯಾವತ್ತೂ ಮುಗಿಯುತ್ತಿಲ್ಲ ಅಂತಲೇ ಲೆಕ್ಕ.

ಈ ವರ್ಕರ್ ಮಾಡುವುದು ವಿಂಡೋಸ್ ಅಪ್‌ಡೇಟ್ ಕೂರಿಸುವ ಕೆಲಸ. ಇಳಿದು ಬಂದ ಅಪ್‌ಡೇಟ್ ಬಿಚ್ಚಿ, ಹಳೆ ಫೈಲ್‌ಗಳ ಜಾಗಕ್ಕೆ ಹೊಸದನ್ನು ಇಟ್ಟು, ಬೇಡವಾದದ್ದನ್ನು ತೆಗೆಯುತ್ತದೆ. ಮೈಕ್ರೋಸಾಫ್ಟ್ ತನ್ನ ಮುಖ್ಯ ಅಪ್‌ಡೇಟನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುತ್ತದೆ. ಅಮೆರಿಕದಲ್ಲಿ ಅದು ಬೆಳಗಿನ ಹೊತ್ತು, ನಮ್ಮಲ್ಲಿ ರಾತ್ರಿ ಹತ್ತೂವರೆ ಇಲ್ಲವೇ ಹನ್ನೊಂದೂವರೆ. ಅಷ್ಟೊತ್ತಿಗೆ ನಿಮ್ಮ ಅಂಗಡಿ ಬಾಗಿಲು ಹಾಕಿರುತ್ತೀರಿ. ಬರೀ ಕಂಪ್ಯೂಟರ್ ಅಲ್ಲ, ಯುಪಿಎಸ್ಸು, ಮೇನ್ ಸ್ವಿಚ್ಚು ಎಲ್ಲಾ ಆಫ್. ಕಾಗದ ತುಂಬಿದ ಅಂಗಡಿಯಲ್ಲಿ ಹಾಗೆ ಮಾಡುವುದೇ ಸರಿ, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಅಪ್‌ಡೇಟ್ ಶುರುವಾಗುವುದು ಬುಧವಾರ ಮುಂಜಾನೆ ನೀವು ಬಟನ್ ಒತ್ತಿದಾಗ, ಗಿರಾಕಿಗಳು ಕೌಂಟರ್ ಮುಂದೆ ನಿಂತಿರುವಾಗ. ನೀವು ಅವಸರದಲ್ಲಿ ಎಂಡ್ ಟಾಸ್ಕ್ ಕೊಡುತ್ತೀರಿ, ಅದು ಅರ್ಧಕ್ಕೆ ನಿಲ್ಲುತ್ತದೆ. ಮಧ್ಯಾಹ್ನ ಕರೆಂಟು ಹೋಗಿ ಹಳೆ ಬ್ಯಾಟರಿಯ ಯುಪಿಎಸ್ ಕೈ ಕೊಟ್ಟರೆ ಮತ್ತೆ ಅರ್ಧಕ್ಕೇ ನಿಲ್ಲುತ್ತದೆ. ಆಗ ವಿಂಡೋಸ್ ಮಾಡಿದ್ದನ್ನೆಲ್ಲಾ ವಾಪಸ್ ತೆಗೆದು ಮರುದಿನ ಮೊದಲಿಂದ ಶುರು ಮಾಡಬಹುದು. ಒಂದೇ ಅಪ್‌ಡೇಟ್ ವಾರಗಟ್ಟಲೆ ಎಳೆಯುವುದು ಹೀಗೇ.

ಇದರ ಜೊತೆ ಇನ್ನೊಂದಿದೆ. ವಿಂಡೋಸ್ ತನ್ನ ಮನೆಗೆಲಸಕ್ಕೆ, ಅಂದರೆ ವೈರಸ್ ಸ್ಕ್ಯಾನ್, ಡಿಸ್ಕ್ ಓರಣ ಮಾಡುವುದು ಇಂಥವಕ್ಕೆಲ್ಲ, ತಾನೇ ರಾತ್ರಿ 2 ಗಂಟೆಯ ಹೊತ್ತು ಇಟ್ಟುಕೊಂಡಿರುತ್ತದೆ. ಆಗ ಕಂಪ್ಯೂಟರ್ ಆಫ್ ಇದ್ದರೆ ಮುಂದಿನ ಸಲ ಆನ್ ಆಗಿ ಸ್ವಲ್ಪ ಸುಮ್ನೆ ಇರುವುದನ್ನೇ ಕಾಯುತ್ತದೆ. ನೀವು ಕಸ ಹೊಡೆದು, ದೀಪ ಹಚ್ಚಿ, ಚಹಾ ಕುಡಿದು ಬಂದು ಕೂರುವ ಆ ಹದಿನೈದು ನಿಮಿಷ ಇದೆಯಲ್ಲ, ಅದಕ್ಕೆ ಬೇಕಾದದ್ದು ಅದೇ.

ಹಾಗಾಗಿ ಒಂದು ಭಾನುವಾರ ಮಧ್ಯಾಹ್ನ, ಗಿರಾಕಿ ಇಲ್ಲದಾಗ, ನೀವು ಅಲ್ಲೇ ಇರುವಾಗ ಇದನ್ನು ಮುಗಿಸಿ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು ಚೆಕ್ ಒತ್ತಿ, ಬಂದದ್ದೆಲ್ಲಾ ಕೂರಲಿ, ರೀಸ್ಟಾರ್ಟ್ ಮಾಡಿ, ಮತ್ತೆ ಚೆಕ್ ಒತ್ತಿ. ಇನ್ನೇನೂ ಉಳಿದಿಲ್ಲ ಅನ್ನುವ ತನಕ ಹೀಗೇ ಮಾಡಿ. ಮೊಬೈಲ್ ಹಾಟ್‌ಸ್ಪಾಟ್ ಬಳಸುತ್ತಿದ್ದು ಆ ನೆಟ್‌ವರ್ಕ್‌ಗೆ 'ಮೀಟರ್ಡ್' (ಡೇಟಾ ಲೆಕ್ಕವಿಟ್ಟು ಬಳಸು) ಅಂತ ಹಾಕಿದ್ದರೆ ದೊಡ್ಡ ಅಪ್‌ಡೇಟ್‌ಗಳು ತಾವಾಗಿ ಇಳಿಯುವುದಿಲ್ಲ, ಆ ಹೊತ್ತಿಗೆ ಅದನ್ನು ತೆಗೆಯಿರಿ. ರೀಸ್ಟಾರ್ಟ್ ಬದಲು ಶಟ್‌ಡೌನ್ ಸಾಕಲ್ವಾ ಅಂತ ಕೇಳಬಹುದು. ಸಾಲದು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ತನ್ನ ಒಳಭಾಗದ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿ, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಸೆಕ್ಯುರಿಟಿ ಆ್ಯಂಡ್ ಮೇಂಟೆನೆನ್ಸ್‌ಗೆ ಹೋಗಿ ಆ ರಾತ್ರಿ 2 ಗಂಟೆಯನ್ನು ನಿಮ್ಮ ಊಟದ ಹೊತ್ತಿಗೆ ಬದಲಿಸಿ. ಊಟಕ್ಕೆ ಹೋಗುವಾಗ ಕಂಪ್ಯೂಟರ್ ಆನ್ ಇರಲಿ, ಸ್ಲೀಪ್ ಆಗದ ಹಾಗೆ ನೋಡಿಕೊಳ್ಳಿ.

ಅಪ್‌ಡೇಟ್ ಸರ್ವಿಸನ್ನೇ ಡಿಸೇಬಲ್ ಮಾಡಿ, ವೈರಸ್ ತಡೆಯಲು ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ತೆಗೆದುಹಾಕಿ ಅನ್ನುವ ವಿಡಿಯೊಗಳು ಬೇಕಾದಷ್ಟಿವೆ. ನಿಮ್ಮಂಥ ಅಂಗಡಿಯವರು ಖಂಡಿತ ಅದನ್ನು ಮಾಡಬಾರದು. ದಿನಾ ಎಷ್ಟೊಂದು ಜನರ ಪೆನ್‌ಡ್ರೈವ್ ನಿಮ್ಮ ಕಂಪ್ಯೂಟರಿಗೆ ಸಿಕ್ಕಿಸುತ್ತೀರಿ. ಜನರ ಆಧಾರ್, ಪಹಣಿ, ಜಾತಿ ಪ್ರಮಾಣಪತ್ರ ಎಲ್ಲಾ ನಿಮ್ಮ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿದ್ದಿರುತ್ತವೆ. 'ಆ್ಯಂಟಿಮಾಲ್ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್' ಅಂತ ಟಾಸ್ಕ್ ಮ್ಯಾನೇಜರ್‌ನಲ್ಲಿ ಕಾಣುವುದು ಡಿಫೆಂಡರೇ. ಮದುವೆ ಫೋಟೊ ತುಂಬಿದ ಪೆನ್‌ಡ್ರೈವಿನಿಂದ ಕಾಪಿ ಮಾಡುವಾಗ ಅದು ಮೇಲೆ ಬಂದರೆ, ಒಳಗೆ ಬರುವ ಫೈಲ್‌ಗಳನ್ನು ನೋಡುತ್ತಿದೆ ಅಂತ ಅರ್ಥ. ನಿಮ್ಮನ್ನು ನಂಬಿ ಕಾಗದ ಕೊಟ್ಟವರಿಗಾಗಿ ಆ ಎರಡು ನಿಮಿಷ ಕಾಯಿರಿ.

ಇಷ್ಟೆಲ್ಲಾ ಮಾಡಿಯೂ ದಿನಾ ಅದೇ ಗೋಳಾದರೆ ಡಿಸ್ಕ್ ನೋಡಬೇಕು. ಡಿಸ್ಕ್ 100% ಅಂದರೆ ಜಾಗ ತುಂಬಿದೆ ಅಂತ ತಿಳಿದು ಬಹಳ ಜನ ಫೋಟೊ ಅಳಿಸಲು ಕೂರುತ್ತಾರೆ. ಅದು ಜಾಗದ ಲೆಕ್ಕ ಅಲ್ಲ, ಡಿಸ್ಕ್‌ಗೆ ಒಂದು ಕ್ಷಣವೂ ಬಿಡುವಿಲ್ಲ ಅಂತ ಅರ್ಥ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್‌ಗೆ ಹೋಗಿ, ಎಡಗಡೆ ಡಿಸ್ಕ್ ಮೇಲೆ ಒತ್ತಿ. ಎಚ್‌ಡಿಡಿ ಅಂತ ಇದೆಯಾ, ಎಸ್‌ಎಸ್‌ಡಿ ಅಂತ ಇದೆಯಾ ನೋಡಿ. ಎಚ್‌ಡಿಡಿ ಆಗಿದ್ದರೆ ಒಂದು ವಿಚಿತ್ರ ಕಾಣುತ್ತದೆ: ಮೇಲೆ 100%, ಕೆಳಗೆ ವೇಗ ಮಾತ್ರ ಸೆಕೆಂಡಿಗೆ 1 ಅಥವಾ 2 ಎಂಬಿ. ಒಳಗೆ ತಿರುಗುವ ತಟ್ಟೆಯ ಮೇಲೆ ಸಣ್ಣ ಮುಳ್ಳು ಒಂದೊಂದು ಚೂರು ಫೈಲ್‌ಗೂ ಅತ್ತಿಂದಿತ್ತ ಓಡಬೇಕು. ಹೀಗೆ ಸೆಕೆಂಡಿಗೆ ನೂರರ ಆಸುಪಾಸು ಸಲ ಓಡಿದರೆ ಅದರ ಕಸುವು ಮುಗಿಯಿತು. ಅಪ್‌ಡೇಟ್‌ನಲ್ಲಿ ಇರುವುದು ಸಾವಿರಾರು ಚೂರು ಫೈಲ್‌ಗಳು, ಅದೇ ಹೊತ್ತಿಗೆ ನೀವು ಕನ್ನಡ ಟೈಪ್ ಮಾಡುವ 'ನುಡಿ' ತೆರೆಯುತ್ತೀರಿ, ಫೋಟೊಶಾಪ್ ತೆರೆಯುತ್ತೀರಿ, ಪಾಪ ಅದು ಎಲ್ಲಿಗೆಂದು ಓಡಬೇಕು? ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಇದೇ ಕೆಲಸ ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ.

ಆದ್ದರಿಂದ ಹೊಸ ಕಂಪ್ಯೂಟರಿಗೆ ರೊಕ್ಕ ಹಾಕುವ ಮುಂಚೆ ಒಂದು 256 ಜಿಬಿ ಎಸ್‌ಎಸ್‌ಡಿ ಹಾಕಿಸಿ. ಗದಗಿನಲ್ಲೇ ಮಾಡಿಕೊಡುತ್ತಾರೆ, ಇಲ್ಲದಿದ್ದರೆ ಹುಬ್ಬಳ್ಳಿ ಎಷ್ಟು ದೂರ? ಹಳೆ ಡಿಸ್ಕ್ ಡಿಸೈನ್ ಫೈಲ್ ಇಡಲು ಒಳಗೇ ಇರಲಿ. ರ‍್ಯಾಮ್ 4 ಜಿಬಿ ಮಾತ್ರ ಇದ್ದರೆ ಅದನ್ನೂ 8 ಮಾಡಿಸಿ, ಯಾಕೆಂದರೆ ರ‍್ಯಾಮ್ ಸಾಲದಾದಾಗ ವಿಂಡೋಸ್ ಆ ಭಾರವನ್ನೂ ಡಿಸ್ಕ್ ಮೇಲೆಯೇ ಹೊರಿಸುತ್ತದೆ. ಕ್ಲೀನರ್, ಬೂಸ್ಟರ್ ಅಂತ ಮಾರುವ ಸಾಫ್ಟ್‌ವೇರ್ ಯಾವುದೂ ಬೇಡ.

ಇನ್ನು ಟಾಸ್ಕ್ ಮ್ಯಾನೇಜರಿನ ಅದೇ ಡಿಸ್ಕ್ ಪುಟದಲ್ಲಿ 'ಆವರೇಜ್ ರೆಸ್ಪಾನ್ಸ್ ಟೈಮ್' ಅಂತ ಒಂದು ಸಂಖ್ಯೆ ಇದೆ, ಅದನ್ನು ಮರೆಯದೆ ನೋಡಿ. ಕೆಲಸ ಹೆಚ್ಚಿದ್ದಾಗ ಅದು ಏರುವುದು ಸಹಜ. ಆದರೆ ಏನೂ ತೆರೆಯದೆ ಇದ್ದಾಗಲೂ ಪದೇ ಪದೇ ಸಾವಿರ, ಎರಡು ಸಾವಿರ ಮಿಲಿಸೆಕೆಂಡ್ ತೋರಿಸುತ್ತಿದ್ದರೆ, ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಅದು ಕೆಡುತ್ತಿದೆ ಅಂತಲೇ ತಿಳಿಯಿರಿ. ಆಗ ಅಪ್‌ಡೇಟೂ ಬೇಡ, ಸ್ಕ್ಯಾನೂ ಬೇಡ. ರಿಪೇರಿ ಆಗಬಹುದು ಅಂತ ಡಿಸ್ಕ್‌ನ ತಪ್ಪು ಹುಡುಕುವ ಚೆಕ್‌ಡಿಸ್ಕ್ ಓಡಿಸಲೂ ಹೋಗಬೇಡಿ, ಸಾಯುತ್ತಿರುವ ಡಿಸ್ಕ್‌ಗೆ ಅದು ಇನ್ನಷ್ಟು ಹೊರೆ. ಮೊದಲು ನುಡಿ ಫೈಲ್‌ಗಳನ್ನು, ಪ್ರೆಸ್ಸಿಗೆ ಹೋಗಬೇಕಾದ ಲಗ್ನಪತ್ರಿಕೆಗಳನ್ನು, ಗಿರಾಕಿಗಳ ಲೆಕ್ಕವನ್ನು ಬೇರೊಂದು ಡಿಸ್ಕ್‌ಗೆ ಕಾಪಿ ಮಾಡಿ, ಅಲ್ಲಿ ಒಂದೆರಡು ಫೈಲ್ ತೆರೆದು ನೋಡಿ, ಆಮೇಲೆ ಕಂಪ್ಯೂಟರನ್ನು ರಿಪೇರಿ ಅಂಗಡಿಗೆ ಒಯ್ಯಿರಿ.