ಶೋನಲ್ಲಿ ಕಂಡಿದ್ದು ಒಂದು, ಶೋರೂಮಿಗೆ ಬಂದಿದ್ದು ಇನ್ನೊಂದು: ಕಾನ್ಸೆಪ್ಟ್ ಕಾರುಗಳ ಕಥೆ

ಹೊಸ ಕಾರು ಲಾಂಚ್ ಆದಾಗೆಲ್ಲ ಒಂದು ಮಾತು ಬಂದೇ ಬರುತ್ತೆ, "ಕಾನ್ಸೆಪ್ಟ್ ಎಷ್ಟು ಚೆನ್ನಾಗಿತ್ತು, ಕೊನೆಗೆ ಏನ್ ಮಾಡಿಟ್ರು ನೋಡಿ" ಅಂತ. ಕಾನ್ಸೆಪ್ಟ್ ಅಂದ್ರೆ ಮಾರೋಕಲ್ಲ, ಶೋನಲ್ಲಿ ತೋರಿಸೋಕೆ ಮಾಡಿದ ಮಾದರಿ ಕಾರು. ಬೈಗುಳ ಬೀಳೋದು ಡಿಸೈನರ್‌ಗೆ, ಇಲ್ಲಾಂದ್ರೆ ದುಡ್ಡು ಉಳಿಸೋಕೆ ನೋಡೋ ಅಕೌಂಟ್ಸ್‌ನೋರಿಗೆ. ಆದ್ರೆ ಕಾನ್ಸೆಪ್ಟ್ ಮತ್ತೆ ಅದರಿಂದ ಬಂದ ಪ್ರೊಡಕ್ಷನ್ ಕಾರು (ಫ್ಯಾಕ್ಟರಿಯಲ್ಲಿ ಮಾಡಿ ಮಾರೋದು) ಎರಡರ ಫೋಟೋನೂ ಪಕ್ಕಪಕ್ಕ ಇಟ್ಟು ನಿಧಾನಕ್ಕೆ ನೋಡಿ. ಗ್ರಿಲ್, ಲೈಟಿನ ಆಕಾರ, ಸೈಡಲ್ಲಿ ಎಳೆದ ಗೆರೆ, ಇಂಥವು ಬಹುಪಾಲು ಉಳ್ಕೊಂಡಿರುತ್ತೆ. ಹೋಗಿರೋದು ಪ್ರಪೋರ್ಷನ್, ಅಂದ್ರೆ ಭಾಗಭಾಗಗಳ ಅಳತೆಯ ಹೊಂದಾಣಿಕೆ. ರೂಫ್ ಸ್ವಲ್ಪ ಮೇಲೆದ್ದಿರುತ್ತೆ, ಚಕ್ರ ಚಿಕ್ಕದಾಗಿರುತ್ತೆ, ಮುಂದಿನ ಗಾಜು ಇನ್ನೂ ನೆಟ್ಟಗೆ ನಿಂತಿರುತ್ತೆ, ಅಷ್ಟೇ, ಆದ್ರೆ ಆ ಅಷ್ಟಕ್ಕೇ ಇಡೀ ಕಾರು ಬೇರೆ ಥರ ಕಾಣುತ್ತೆ. ಇದು ಯಾಕೆ ಹೀಗೆ ಅಂತ ತಿಳ್ಕೋಬೇಕಂದ್ರೆ ಕಾನ್ಸೆಪ್ಟ್ ಕಾರು ಅನ್ನೋದು ಯಾಕೆ ಶುರುವಾಯ್ತು, ಈಗ ಏನಾಗಿದೆ ಅಂತ ನೋಡಬೇಕು, ಯಾಕಂದ್ರೆ ಆ ಹೆಸರಲ್ಲಿ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಕೆಲಸ ನಡೆದಿದೆ.

ಮೊದಲನೇ ಕಾನ್ಸೆಪ್ಟ್ ಕಾರು ಅಂತ ಸಾಮಾನ್ಯವಾಗಿ ಎಲ್ಲರೂ ಹೇಳೋದು 1938ರ ಬ್ಯೂಕ್ ವೈ-ಜಾಬ್. ಜನರಲ್ ಮೋಟರ್ಸ್‌ನ ಡಿಸೈನ್ ಮುಖ್ಯಸ್ಥ ಹಾರ್ಲಿ ಅರ್ಲ್ ಮಾಡಿಸಿದ್ದು. ಮುಚ್ಚಿಕೊಳ್ಳೋ ಹೆಡ್‌ಲೈಟು, ಪವರ್ ವಿಂಡೋ, ಬಾಡಿ ಜೊತೆ ಸಮವಾಗಿ ಕೂರೋ ಡೋರ್ ಹ್ಯಾಂಡಲ್ ಎಲ್ಲ ಅದರಲ್ಲಿತ್ತು. ಮಜಾ ಅಂದ್ರೆ ಅದು ಬರೀ ಶೋಪೀಸ್ ಆಗಿರಲಿಲ್ಲ, ಅರ್ಲ್ ಸಾಹೇಬ್ರು ಅದನ್ನ ತಮ್ಮ ಸ್ವಂತ ಕಾರಿನ ಥರ ಓಡಿಸ್ಕೊಂಡು ಓಡಾಡ್ತಿದ್ರು. ಅದೇ ರೂಪದಲ್ಲಿ ಅದು ಯಾವತ್ತೂ ಮಾರಾಟಕ್ಕೆ ಬರಲಿಲ್ಲ, ಬರಬೇಕು ಅನ್ನೋ ಉದ್ದೇಶನೂ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಬರೋ ಕಾರುಗಳಿಗೆ ಒಂದೊಂದೇ ಐಡಿಯಾ ಎತ್ಕೊಳ್ಳೋಕೆ ಇಟ್ಟ ದಾಸ್ತಾನು ಅದು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಜನರಲ್ ಮೋಟರ್ಸ್ 1949ರಿಂದ 1961ರವರೆಗೆ ಮೋಟೋರಮಾ ಅಂತ ದೊಡ್ಡ ದೊಡ್ಡ ಶೋ ಮಾಡ್ತು. ಅಲ್ಲಿ ಜೆಟ್ ವಿಮಾನಕ್ಕೆ ಚಕ್ರ ಹಾಕಿದಂಗಿದ್ದ, ಗ್ಯಾಸ್ ಟರ್ಬೈನಲ್ಲಿ ಓಡೋ ಫೈರ್‌ಬರ್ಡ್ 1 ಥರದವೂ ಬಂದ್ವು, ಅದನ್ನ ಯಾರೂ ಮನೆಗೆ ತರೋ ಪ್ರಶ್ನೆನೇ ಇರಲಿಲ್ಲ ಬಿಡಿ. ಆದ್ರೆ 1953ರ ಜನವರಿಯಲ್ಲಿ ನ್ಯೂಯಾರ್ಕ್‌ನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲ್‌ನಲ್ಲಿ ನಡೆದ ಶೋನಲ್ಲಿ ಒಂದು ಬಿಳಿ ಸ್ಪೋರ್ಟ್ಸ್ ಕಾರು ನಿಂತಿತ್ತು, ಹೆಸರು ಕಾರ್ವೆಟ್. ಜನಕ್ಕೆ ಹುಚ್ಚು ಹಿಡೀತು, ಅದೇ ವರ್ಷ ಜೂನ್ 30ಕ್ಕೆ ಪ್ರೊಡಕ್ಷನ್ ಶುರು. ಐದೂವರೆ ತಿಂಗಳು! ಇವತ್ತಿನ ಲೆಕ್ಕದಲ್ಲಿ ನಂಬೋಕೇ ಆಗಲ್ಲ. ಸಾಧ್ಯ ಆಗಿದ್ದಕ್ಕೆ ಮುಖ್ಯ ಕಾರಣ ಫೈಬರ್‌ಗ್ಲಾಸ್ ಬಾಡಿ, ಸ್ಟೀಲ್ ಶೀಟ್ ಒತ್ತೋ ದೊಡ್ಡ ಡೈಗಳಿಗೆ (ಅಚ್ಚುಗಳಿಗೆ) ಕಾಯೋ ಅಗತ್ಯ ಬೀಳಲಿಲ್ಲ. ಮೊದಲ ವರ್ಷ ಮಾಡಿದ್ದು 300 ಕಾರು ಮಾತ್ರ, ಎಲ್ಲ ಹೆಚ್ಚುಕಡಿಮೆ ಕೈಯಲ್ಲೇ ಜೋಡಿಸಿದ್ದು, ಎಲ್ಲ ಬಿಳಿ ಬಣ್ಣನೇ. ಜೊತೆಗೆ ಆಗ ಕ್ರ್ಯಾಶ್ ಟೆಸ್ಟ್ ಕಾನೂನು, ಹೊಗೆ ಕಾನೂನು ಏನೂ ಇರಲಿಲ್ಲ, ಹಾಗಾಗಿ ಶೋನಲ್ಲಿ ನೋಡಿದ್ದನ್ನೇ ರೋಡಿಗೆ ಇಳಿಸೋಕೆ ಅಡ್ಡಿ ಮಾಡೋರೇ ಇಲ್ಲ.

ಇಟಲಿಯಲ್ಲಿ ಕಥೆ ಬೇರೆ. ಅಲ್ಲಿ ಕಾನ್ಸೆಪ್ಟ್ ಮಾಡ್ತಿದ್ದೋರು ಎಷ್ಟೋ ಸಲ ಕಾರು ಕಂಪನಿನೇ ಅಲ್ಲ, ಬರ್ಟೋನೆ, ಪಿನಿನ್‌ಫರೀನಾ ಥರದ ಡಿಸೈನ್ ಹೌಸ್‌ಗಳು, ಅವರಿಗೆ ಕಾನ್ಸೆಪ್ಟ್ ಅಂದ್ರೆ ಆರ್ಡರ್ ಹಿಡಿಯೋ ವಿಸಿಟಿಂಗ್ ಕಾರ್ಡ್. 1970ರಲ್ಲಿ ಬರ್ಟೋನೆಗೋಸ್ಕರ ಮಾರ್ಚೆಲ್ಲೋ ಗಾಂದೀನಿ ಮಾಡಿದ ಸ್ಟ್ರಾಟೋಸ್ ಝೀರೋ ನೋಡಿ, ಎತ್ತರ ಸುಮಾರು 84 ಸೆಂಟಿಮೀಟರ್, ಒಳಗೆ ಹೋಗಬೇಕಂದ್ರೆ ಮುಂದಿನ ಗಾಜನ್ನೇ ಎತ್ತಿ ಕಾಲಿಡಬೇಕು. ಅದರಿಂದ ಹುಟ್ಟಿದ ಲಾನ್ಸಿಯಾ ಸ್ಟ್ರಾಟೋಸ್ ರ‍್ಯಾಲಿ ಕಾರು 1974, 75, 76 ಮೂರು ವರ್ಷ ವರ್ಲ್ಡ್ ರ‍್ಯಾಲಿ ಚಾಂಪಿಯನ್‌ಶಿಪ್ ಗೆದ್ದಿದ್ದು ನಿಜ, ಆದ್ರೆ ಎರಡನ್ನೂ ನೋಡಿದ್ರೆ ಹೆಸರು ಮತ್ತೆ ಆ ಬಾಣದ ಮೊನೆಯಂಥ ಭಾವ ಬಿಟ್ರೆ ಹೋಲಿಕೆನೇ ಇಲ್ಲ. ನನ್ನ ಪ್ರಕಾರ ಇದು ಒಳ್ಳೇ ಸಂಬಂಧನೇ, ಕಾನ್ಸೆಪ್ಟ್ ಒಂದು ಮಾತು ಹೇಳ್ತು, ಪ್ರೊಡಕ್ಷನ್ ಕಾರು ಅದನ್ನ ತನ್ನ ಕೆಲಸಕ್ಕೆ ತಕ್ಕ ಹಾಗೆ ಬೇರೆ ಥರ ಹೇಳ್ತು.

ಅದೇ ಗಾಂದೀನಿಯ ಲ್ಯಾಂಬೋರ್ಗಿನಿ ಕೌಂಟಾಕ್ 1971ರ ಜಿನೀವಾ ಶೋನಲ್ಲಿ ಬಂದಾಗ ಅದು ಒಂದು ಕ್ಲೀನ್ ಹಳದಿ ಬೆಣೆ, ಮೈಮೇಲೆ ಒಂದು ರೆಕ್ಕೆ ಇಲ್ಲ, ಡಬ್ಬ ಇಲ್ಲ. ಆದ್ರೆ ಓಡಿಸಿ ನೋಡಿದಾಗ ಎಂಜಿನ್‌ಗೆ ಗಾಳಿ ಸಾಲದೆ ಬಿಸಿ ಆಗೋಕೆ ಶುರು. ಅದಕ್ಕೆ ಪಕ್ಕದಲ್ಲಿ ಗಾಳಿ ಎಳೆಯೋ ದೊಡ್ಡ ತೂತು, ಹಿಂದೆ ಭುಜದ ಮೇಲೆ ಡಬ್ಬದ ಥರ ಏರ್ ಸ್ಕೂಪ್ ಎಲ್ಲ ಬಂತು. ಕಾನ್ಸೆಪ್ಟ್‌ನಲ್ಲಿದ್ದ 5 ಲೀಟರ್ ಎಂಜಿನ್ ಹೋಗಿ 4 ಲೀಟರ್‌ದು ಕೂತ್ಕೊಳ್ತು, 1974ರಲ್ಲಿ ಮಾರಾಟಕ್ಕೆ ಬಂತು. ಆ ಮೊದಲ ಹಳದಿ ಕಾರನ್ನ ಕ್ರ್ಯಾಶ್ ಟೆಸ್ಟ್‌ನಲ್ಲಿ ಗೋಡೆಗೆ ಗುದ್ದಿಸಿ ಮುಗಿಸಿದ್ರು. ತಮಾಷೆ ಏನಂದ್ರೆ ಇವತ್ತು ಕೌಂಟಾಕ್ ಅಂದ್ರೆ ಜನಕ್ಕೆ ನೆನಪಾಗೋದೇ ಆ ಸ್ಕೂಪ್‌ಗಳು. ಅಂದ್ರೆ ಎಂಜಿನಿಯರ್ ಸೇರಿಸಿದ್ದೆಲ್ಲ ಹಾಳು ಅಂತೇನಿಲ್ಲ.

ಕಾನೂನು ಬಂದ ಮೇಲೆ ಗ್ಯಾಪ್ ಜಾಸ್ತಿ ಆಯ್ತು. ಅಮೆರಿಕದಲ್ಲಿ 1940ರಿಂದ 1983ರವರೆಗೆ ಹೆಡ್‌ಲೈಟ್ ಅಂದ್ರೆ ಗೊತ್ತುಪಡಿಸಿದ ಸ್ಟ್ಯಾಂಡರ್ಡ್ ಅಳತೆಯ ಸೀಲ್ಡ್ ಬೀಮ್ (ಬಲ್ಬು, ಗಾಜು ಎಲ್ಲ ಒಂದೇ ಸೀಲಾದ ಲೈಟು), ಕಾನ್ಸೆಪ್ಟ್‌ನಲ್ಲಿ ಎಷ್ಟೇ ತೆಳ್ಳಗೆ ಕಣ್ಣು ಬರೆದ್ರೂ ಕೊನೆಗೆ ಅದೇ ದುಂಡು ಇಲ್ಲಾ ಚೌಕದ ಲೈಟ್ ಹಾಕ್ಲೇಬೇಕು. ಎಪ್ಪತ್ತರ ದಶಕದಲ್ಲಿ ಬಂಪರ್ ನಿಯಮ ಬಂತು, ಚೆಂದದ ಕಾರುಗಳ ಮುಂದೆ ಹಿಂದೆ ದಪ್ಪ ಬಂಪರ್ ಚಾಚಿಕೊಂಡು ನಿಂತ್ವು. ಯುರೋಪಲ್ಲಿ 2005ರಿಂದ ಪಾದಚಾರಿಗಳ ಸುರಕ್ಷತೆಯ ನಿಯಮ, ತಲೆ ಬಂದು ಬಾನೆಟ್‌ಗೆ ಬಡಿದ್ರೆ ಕೆಳಗಿರೋ ಎಂಜಿನ್‌ಗೆ ತಾಗಬಾರದು, ಹಾಗಾಗಿ ಮಧ್ಯ ಜಾಗ ಬಿಡಬೇಕು, ಬಾನೆಟ್ ಎತ್ತರ ಆಯ್ತು, ಬಾನೆಟ್ ಎತ್ತರ ಆದಮೇಲೆ ಅದರ ಜೊತೆ ಬಾಗಿಲು ಕಿಟಕಿ ಗೆರೆ ಎಲ್ಲ ಮೇಲೇರ್ತು. ಇವತ್ತಿನ ಕಾರುಗಳೆಲ್ಲ ಯಾಕೆ ಇಷ್ಟು ದಪ್ಪ ದಪ್ಪ ಅಂತ ಕೇಳೋರಿಗೆ ಅರ್ಧ ಉತ್ತರ ಇಲ್ಲೇ ಇದೆ. ರೂಫ್ ಕುಸಿಯಬಾರದು ಅನ್ನೋ ಟೆಸ್ಟ್‌ನಿಂದ ಎ ಪಿಲ್ಲರ್, ಅಂದ್ರೆ ಮುಂದಿನ ಗಾಜಿನ ಎರಡೂ ಪಕ್ಕದ ಕಂಬ, ದಪ್ಪ ಆಯ್ತು. ಇನ್ನು ಒಳಗೆ ಕೂರೋರ ಲೆಕ್ಕ: ಕಾನ್ಸೆಪ್ಟ್‌ನಲ್ಲಿ ಯಾರೂ ಕೂರಲ್ಲ, ಕೂತ್ರೂ ಫೋಟೋಗೆ ಮಾತ್ರ, ಆದ್ರೆ ಮಾರೋ ಕಾರಿನಲ್ಲಿ ಎತ್ತರದ ಮನುಷ್ಯನ ತಲೆ ರೂಫ್‌ಗೆ ತಾಗಬಾರದು, ಹಿಂದೆ ಕೂತೋರ ಮೊಣಕಾಲಿಗೆ ಜಾಗ ಇರಬೇಕು, ಡಿಕ್ಕಿಯಲ್ಲಿ ಸೂಟ್‌ಕೇಸ್ ಹಿಡೀಬೇಕು. ಚಕ್ರದ್ದೂ ಅಷ್ಟೇ. ಕಾನ್ಸೆಪ್ಟ್‌ಗೆ ಭಾರಿ ಚಕ್ರ ಹಾಕೋದು ಬಾಡಿ ತೆಳ್ಳಗೆ ಕಾಣಲಿ ಅಂತ, ಆದ್ರೆ ಅದೇ ಚಕ್ರ ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೆ ಬಾಡಿಗೆ ತಾಗುತ್ತೆ, ಗುಂಡಿ ಬಿದ್ದ ರೋಡಲ್ಲಿ ಬೆನ್ನು ಮುರಿಯುತ್ತೆ.

ಇಷ್ಟೆಲ್ಲ ಇದ್ರೂ ತೊಂಬತ್ತರ ದಶಕದಲ್ಲಿ ಕಂಪನಿಗಳು "ಕಾನ್ಸೆಪ್ಟ್ ಹಾಗೇ ತರ್ತೀವಿ" ಅಂತ ಪಣ ತೊಟ್ಟಂಗಿತ್ತು. ಅದಕ್ಕೆ ಮುಂಚೆ ಒಂದು ದೊಡ್ಡ ಪೆಟ್ಟು ಬಿದ್ದಿದ್ದನ್ನ ಹೇಳ್ಲೇಬೇಕು. 1988ರ ಬರ್ಮಿಂಗ್‌ಹ್ಯಾಮ್ ಶೋನಲ್ಲಿ ಜಾಗ್ವಾರ್ ಎಕ್ಸ್‌ಜೆ220 ಬಂತು, ವಿ12 (ಹನ್ನೆರಡು ಸಿಲಿಂಡರ್) ಎಂಜಿನ್, ಫೋರ್ ವೀಲ್ ಡ್ರೈವ್, ಕತ್ತರಿ ಥರ ಮೇಲೇಳೋ ಬಾಗಿಲು. ಕಂಪನಿಯ ಎಂಜಿನಿಯರ್‌ಗಳು ಶನಿವಾರ ಬಿಡುವು ಮಾಡ್ಕೊಂಡು ಸೇರಿ ಮಾಡಿದ ಕಾರದು. ಜನ 50,000 ಪೌಂಡ್ ಡಿಪಾಸಿಟ್ ಇಟ್ಟು ಕ್ಯೂ ನಿಂತ್ರು. 1992ರಲ್ಲಿ ಡೆಲಿವರಿಗೆ ಬಂದ ಕಾರಲ್ಲಿ ವಿ12 ಇಲ್ಲ, ಟರ್ಬೋ ಹಾಕಿದ ವಿ6 ಇದೆ, ಫೋರ್ ವೀಲ್ ಡ್ರೈವ್ ಇಲ್ಲ, ಬಾಗಿಲು ಮಾಮೂಲಿ, ರೇಟ್ ಮಾತ್ರ ಏರಿದೆ, ಸಾಲದ್ದಕ್ಕೆ ಆ ಹೊತ್ತಿಗೆ ಆರ್ಥಿಕ ಹಿಂಜರಿತ ಬೇರೆ. ಬುಕ್ ಮಾಡಿದ್ದೋರು ಹಿಂದೆ ಸರಿದ್ರು, ಜಗಳ ಕೋರ್ಟಿಗೆ ಹೋಯ್ತು. ವಿಚಿತ್ರ ನೋಡಿ, ಎಂಜಿನಿಯರಿಂಗ್ ಲೆಕ್ಕದಲ್ಲಿ ಆ ನಿರ್ಧಾರ ಸರಿಯೇ ಇತ್ತು, ಕಾರು ಹಗುರ ಆಯ್ತು, ಆಗಿನ ಕಾಲಕ್ಕೆ ಜಗತ್ತಿನ ಅತಿ ವೇಗದ ಪ್ರೊಡಕ್ಷನ್ ಕಾರು ಅನ್ನಿಸ್ಕೊಳ್ತು. ಆದ್ರೆ ಜನ ದುಡ್ಡು ಕಟ್ಟಿದ್ದು ವಿ12ಗೆ.

ಈಗ ಆಡಿ ಟಿಟಿ ಅನ್ನೋ ಸ್ಪೋರ್ಟ್ಸ್ ಕಾರಿನ ಕಥೆ. ಆಡಿ 1995ರ ಫ್ರಾಂಕ್‌ಫರ್ಟ್ ಶೋನಲ್ಲಿ ತೋರಿಸಿದ ಟಿಟಿ ಕೂಪೆಯನ್ನ 1998ರಲ್ಲಿ ಮಾರಾಟಕ್ಕೆ ತಂದಾಗ ಎಲ್ಲರೂ ಬಾಯ್ತುಂಬ ಹೊಗಳಿದ್ರು, ಹಿಂದಿನ ಸೈಡಲ್ಲಿ ಒಂದು ಚಿಕ್ಕ ಗಾಜು ಸೇರಿದ್ದು ಬಿಟ್ರೆ ಹೆಚ್ಚುಕಡಿಮೆ ಕಾನ್ಸೆಪ್ಟೇ. (ಆ ಗಾಜು ಬಂದಿದ್ದರಿಂದ ಚೆನ್ನಾಗೇ ಆಯ್ತು ಅನ್ನೋ ಗುಂಪಲ್ಲಿ ನಾನಿದೀನಿ.) ಆದ್ರೆ ಹಿಂಬದಿ ಆ ನುಣುಪಾದ ದುಂಡು ಆಕಾರ ಇದ್ಯಲ್ಲ, ಅದರ ಮೇಲೆ ಹರಿಯೋ ಗಾಳಿ ಜೋರು ಸ್ಪೀಡಲ್ಲಿ ಕಾರಿನ ಹಿಂಭಾಗವನ್ನ ಮೇಲೆತ್ತೋ ಥರ ಮಾಡ್ತಿತ್ತು. ಜರ್ಮನಿಯಲ್ಲಿ ಹೈಸ್ಪೀಡ್ ಅಪಘಾತಗಳಾದ್ವು, ಸಾವೂ ಆಯ್ತು, ಕಂಪನಿ ಕಾರುಗಳನ್ನ ವಾಪಸ್ ಕರೆಸಿ ಹಿಂದೆ ಸ್ಪಾಯ್ಲರ್ (ಗಾಳಿ ಕಾರನ್ನ ಎತ್ತದಂಗೆ ತಡೆಯೋ ಪಟ್ಟಿ), ಇಎಸ್‌ಪಿ (ಕಾರು ಜಾರದಂಗೆ ಹಿಡಿಯೋ ಎಲೆಕ್ಟ್ರಾನಿಕ್ ವ್ಯವಸ್ಥೆ) ಹಾಕಿ ಸಸ್ಪೆನ್ಷನ್ ಬದಲಿಸಿ ಕೊಡ್ತು. ಕಾನ್ಸೆಪ್ಟ್‌ನ ಒಂದು ಕೂದಲೂ ಕೊಂಕದ ಹಾಗೆ ತರಬೇಕು ಅನ್ನೋರು ಇದನ್ನ ಒಂದ್ಸಲ ಓದ್ಕೋಬೇಕು.

ಅದೇ ಸಮಯದ ಫೋಕ್ಸ್‌ವ್ಯಾಗನ್ ಕಾನ್ಸೆಪ್ಟ್ ಒನ್ 1994ರಲ್ಲಿ ಡೆಟ್ರಾಯ್ಟ್‌ನಲ್ಲಿ ಬಂತು, ಜನ ಮುಗಿಬಿದ್ದಿದ್ದಕ್ಕೇ ಕಂಪನಿ ನ್ಯೂ ಬೀಟಲ್ ಮಾಡೋಕೆ ಒಪ್ಕೊಂಡಿದ್ದು. ಕಾನ್ಸೆಪ್ಟ್ ಇದ್ದಿದ್ದು ಚಿಕ್ಕ ಪೋಲೋ ಮೇಲೆ, ಮಾರೋ ಕಾರು ಬಂದಿದ್ದು ಅದಕ್ಕಿಂತ ದೊಡ್ಡ ಗಾಲ್ಫ್ ಕಾರಿನ ಪ್ಲಾಟ್‌ಫಾರ್ಮ್ (ಅಡಿಪಾಯ) ಮೇಲೆ, ಆ ಗೋಲಾಕಾರ ಉಳಿಸೋಕೆ ಹೋಗಿ ಡ್ಯಾಶ್‌ಬೋರ್ಡ್ ಮೈದಾನದಷ್ಟು ಉದ್ದ ಆಯ್ತು. ಪೋರ್ಶೆ ಬಾಕ್ಸ್‌ಟರ್ 1993ರಲ್ಲಿ ಪುಟ್ಟದಾಗಿ ಬಂದಿದ್ದು 1996ಕ್ಕೆ ಬೆಳೆದು ದೊಡ್ಡದಾಯ್ತು, ಖರ್ಚು ಉಳಿಸೋಕೆ ಮುಂಭಾಗವನ್ನ ಪೋರ್ಶೆಯದ್ದೇ ಹೊಸ 911 ಕಾರಿನ ಜೊತೆ ಹಂಚಿಕೊಳ್ತು. ಪಾಂಟಿಯಾಕ್ ಅಜ್ಟೆಕ್ ಮಾತ್ರ ಪೂರ್ತಿ ಹಳ್ಳ ಹಿಡೀತು, 1999ರ ಕಾನ್ಸೆಪ್ಟ್‌ನ ಗಡಸುತನವನ್ನ ಮಿನಿವ್ಯಾನ್ ಪ್ಲಾಟ್‌ಫಾರ್ಮ್ ಮೇಲೆ ಕೂರಿಸಿದ್ರು, ಡೀಟೇಲ್ ಎಲ್ಲ ಇತ್ತು, ನಿಲುವು ಇರಲಿಲ್ಲ.

ಇಲ್ಲಿವರೆಗಿನ ಕಥೆಯಲ್ಲಿ ಮೊದಲು ಕಾನ್ಸೆಪ್ಟ್, ಆಮೇಲೆ ಕಾರು. ಆದ್ರೆ ಈಚಿನ ವರ್ಷಗಳಲ್ಲಿ ಎಷ್ಟೋ ಕಡೆ ಇದು ತಲೆಕೆಳಗಾಗಿದೆ. ಹೊರಗಿನ ಪ್ಯಾನಲ್ ಒತ್ತೋ ಡೈ ಮಾಡೋಕೆ, ಟೆಸ್ಟ್ ಮುಗಿಸೋಕೆ ಟೈಮ್ ಬೇಕು, ಅದಕ್ಕೆ ಲಾಂಚ್‌ಗಿಂತ ಒಂದೆರಡು ವರ್ಷ ಮುಂಚೆನೇ ಡಿಸೈನ್ ಫ್ರೀಜ್ ಆಗಿರುತ್ತೆ, ಅಂದ್ರೆ ಇನ್ನು ಬದಲಿಸೋ ಹಾಗಿಲ್ಲ. ಹಾಗಿದ್ಮೇಲೆ ಲಾಂಚ್‌ಗೆ ವರ್ಷ ಇದೆ ಅನ್ನೋವಾಗ ಒಂದು "ಕಾನ್ಸೆಪ್ಟ್" ಬಂತು ಅಂದ್ರೆ ಅದು ಎಲ್ಲಿಂದ ಬಂತು? ರೆಡಿ ಇರೋ ಕಾರಿಗೇ ದೊಡ್ಡ ಚಕ್ರ ಹಾಕಿ, ಕನ್ನಡಿ ಕಿತ್ತು, ಹ್ಯಾಂಡಲ್ ಮುಚ್ಚಿ, ಮೇಕಪ್ ಮಾಡಿ ನಿಲ್ಲಿಸಿರ್ತಾರೆ. ಪ್ರೊಡಕ್ಷನ್ ಕಾರು ಕಾನ್ಸೆಪ್ಟ್‌ನ ಇಳಿಸಿದ ರೂಪ ಅಂತ ನಾವು ಬೈತೀವಿ, ನಿಜದಲ್ಲಿ ಕಾನ್ಸೆಪ್ಟೇ ಪ್ರೊಡಕ್ಷನ್ ಕಾರಿನ ಉಬ್ಬಿಸಿದ ರೂಪ. 2008ರ ಲ್ಯಾಂಡ್ ರೋವರ್ ಎಲ್‌ಆರ್‌ಎಕ್ಸ್‌ನಿಂದ 2011ರ ಇವೋಕ್‌ಗೆ ಮೂರು ವರ್ಷ ಹಿಡೀತು, ಅದು ಜನರ ಪ್ರತಿಕ್ರಿಯೆ ನೋಡಿ ಮುಂದುವರಿದ ಹಳೇ ಕಾಲದ ಥರದ ಕಾನ್ಸೆಪ್ಟ್, ಅಂಥವು ಈಗ ಕಮ್ಮಿ.

ಇನ್ನೊಂದು ಕಡೆ ಟೆಕ್ನಾಲಜಿ ಗ್ಯಾಪನ್ನ ನಿಜವಾಗಿಯೂ ಚಿಕ್ಕದು ಮಾಡಿದೆ. ಎಲ್‌ಇಡಿ ಬಂದ ಮೇಲೆ ಗೆರೆಯಷ್ಟು ತೆಳ್ಳಗಿನ ಲೈಟ್ ಕಾನೂನುಬದ್ಧವಾಗೇ ಸಾಧ್ಯ. ಎಲೆಕ್ಟ್ರಿಕ್ ಕಾರಲ್ಲಿ ಮುಂದೆ ದೊಡ್ಡ ಎಂಜಿನ್ ಇಲ್ಲ, ಚಕ್ರಗಳನ್ನ ಮೂಲೆಗೆ ತಳ್ಳಬಹುದು, ಅಂದ್ರೆ ಮೊದಲು ಸಾಯ್ತಿದ್ದ ಪ್ರಪೋರ್ಷನ್‌ಗೇ ಜೀವ ಬಂತು. 2019ರ ಹ್ಯುಂಡೈ 45 ಕಾನ್ಸೆಪ್ಟ್ ಮತ್ತೆ ಅದರಿಂದ ಬಂದ 2021ರ ಅಯಾನಿಕ್ 5 ನೋಡಿದ್ರೆ ಗೊತ್ತಾಗುತ್ತೆ, ಅಯಾನಿಕ್ 5ರ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) ಸರಿಯಾಗಿ 3 ಮೀಟರ್. ಆದ್ರೂ ಬಾಗಿಲ ಹತ್ರ ಎಲ್ಲರೂ ಎಡವ್ತಾರೆ. ಪೋರ್ಶೆ ಮಿಷನ್ ಇ 2015ರಲ್ಲಿ ಹಿಮ್ಮುಖ ತೆರೆಯೋ ಹಿಂದಿನ ಬಾಗಿಲು ತೋರಿಸ್ತು, ಮಧ್ಯ ಪಿಲ್ಲರೇ ಇಲ್ಲ, 2019ರ ಟೈಕಾನ್‌ನಲ್ಲಿ ಪಿಲ್ಲರ್ ಬಂತು, ಬಾಗಿಲು ಮಾಮೂಲಿ ಆಯ್ತು. ಹೋಂಡಾ ಅರ್ಬನ್ ಇವಿ 2017ರಲ್ಲಿ ಎರಡು ಬಾಗಿಲು, ಹೋಂಡಾ ಇ ಆಗಿ ಬಂದಾಗ ನಾಲ್ಕು. ಆದ್ರೆ ಅದರಲ್ಲೇ ಕನ್ನಡಿ ಬದಲಿಗೆ ಕ್ಯಾಮೆರಾ ಉಳ್ಕೊಳ್ತು, ಯುರೋಪ್, ಜಪಾನ್‌ನಲ್ಲಿ ಅದಕ್ಕೆ ಅನುಮತಿ ಇದೆ. ಅಮೆರಿಕದ ನಿಯಮ ಮಾತ್ರ ಇನ್ನೂ ಗಾಜಿನ ಕನ್ನಡಿನೇ ಕೇಳುತ್ತೆ, 2019ರಲ್ಲಿ ಕನ್ನಡಿ ಇಲ್ಲದೆ ಸ್ಟೇಜಿಗೆ ಬಂದ ಟೆಸ್ಲಾ ಸೈಬರ್‌ಟ್ರಕ್ 2023ರಲ್ಲಿ ಗ್ರಾಹಕರ ಕೈಗೆ ಸಿಕ್ಕಾಗ ಕನ್ನಡಿ ಜೊತೆ ಒಂದು ರಾಕ್ಷಸ ಗಾತ್ರದ ವೈಪರೂ ಅಂಟಿಕೊಂಡಿತ್ತು.

ಹಾಗಾಗಿ ಮುಂದಿನ ಸಲ ಯಾವುದೋ ಕಾನ್ಸೆಪ್ಟ್ ನೋಡಿ ಖುಷಿಪಡೋ ಮುಂಚೆ ಲೈಟು ಗ್ರಿಲ್ಲು ಬಿಟ್ಟು ಬೇಜಾರಿನ ಜಾಗಗಳನ್ನ ನೋಡಿ. ವೈಪರ್ ಇದ್ಯಾ, ನಂಬರ್ ಪ್ಲೇಟಿಗೆ ಜಾಗ ಬಿಟ್ಟಿದಾರಾ, ಚಾರ್ಜಿಂಗ್ ಮುಚ್ಚಳ ಎಲ್ಲಿದೆ, ಬಾಗಿಲ ಗೆರೆ ಮಾಮೂಲಿ ಕಾರಿನ ಥರ ಇದ್ಯಾ, ಹಿಂದಿನ ಸೀಟಿನ ಮೇಲೆ ರೂಫ್ ಎಷ್ಟು ಎತ್ತರ ಇದೆ. ಇವೆಲ್ಲ ಸರಿ ಇದ್ರೆ ಕಾರು ಈಗಾಗಲೇ ಫ್ಯಾಕ್ಟರಿಯಲ್ಲಿ ರೆಡಿ ಆಗ್ತಿದೆ, ದೊಡ್ಡ ಚಕ್ರ ತೆಗೆದು ಕನ್ನಡಿ ಹಾಕಿದ್ರೆ ಶೋರೂಮಲ್ಲಿ ಸಿಗೋದು ಅದೇ. ಒಂದೂ ಇಲ್ಲ, ಗಾಜು ಬೇರೆ ಕಪ್ಪಗಿದೆ ಅಂದ್ರೆ ಒಳಗೆ ಸೀಟ್ ಇದೆ ಅಂತನೂ ಗ್ಯಾರಂಟಿ ಇಲ್ಲ.